ತಾಮ್ರದ ಲೇಪನ ನಾಲ್ಕು ಕಡೆ ಕಿತ್ತಿದೆ: ತೇಪೆ ಸಾಕೇ, ಇಡೀ ತಳ ಕೆರೆಯಬೇಕೇ?

ಓದುಗರ ಪ್ರಶ್ನೆ: ನನ್ನದು ಹತ್ತು ಮೀಟರ್ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿ. ತಳದಡಿ ಇಳಿದಿರುವ ಭಾರದ ರೆಕ್ಕೆ, ಅಂದರೆ ಕೀಲ್, ಎರಕದ ಕಬ್ಬಿಣದ್ದು. ಹಿಂದಿನ ಮಾಲೀಕರು ಏಳು ವರ್ಷದ ಕೆಳಗೆ ತಳಕ್ಕೆ ಪಾಚಿ, ಚಿಪ್ಪು ಹಿಡಿಯದಂತೆ ತಾಮ್ರದ ಪುಡಿ ಬೆರೆತ ಎಪಾಕ್ಸಿ ಲೇಪನ ಮಾಡಿಸಿದ್ದರು ಎಂದು ಹೇಳಿದ್ದಾರೆ. ಈ ಸಲ ದೋಣಿಯನ್ನು ಮೇಲಕ್ಕೆತ್ತಿ ತೊಳೆದಾಗ ನಾಲ್ಕು ಕಡೆ ಲೇಪನ ಹೋಗಿರುವುದು ಕಂಡಿತು. ಕೀಲ್‌ನ ಮುಂದಿನ ಅಂಚಿನಲ್ಲಿ ಅಂಗೈ ಅಗಲದಷ್ಟು ಸವೆದು ತುಕ್ಕು ಕಾಣಿಸುತ್ತಿದೆ. ಎಡಮಗ್ಗುಲಲ್ಲಿ ಪೋಸ್ಟ್‌ಕಾರ್ಡಿನಷ್ಟು ಜಾಗ ಚಕ್ಕೆಯೆದ್ದು ದೋಣಿಯ ಹೊರಮೈ ಪದರವಾದ ಬಿಳಿ ಜೆಲ್‌ಕೋಟ್ ಹೊರಬಿದ್ದಿದೆ. ತಳವನ್ನು ತೂರಿ ಕೂರಿಸಿದ, ನೀರೆಳೆಯುವ ಥ್ರೂ-ಹಲ್ ಫಿಟಿಂಗ್ ಒಂದರ ಸುತ್ತ ಎರಡು ಬೆರಳಗಲ ಉಂಗುರದಂತೆ ಉದುರಿದೆ. ಚುಕ್ಕಾಣಿಯ ಮೇಲೆ ತೆಳ್ಳಗಾಗಿ ಹಸಿರು ಬಣ್ಣಕ್ಕೆ ತಿರುಗಿದೆ. ಬೋಟ್‌ಯಾರ್ಡಿನವರು ಎಲ್ಲವನ್ನೂ ರಭಸದಿಂದ ಹರಳು ಹೊಡೆದು ಕೀಳಿಸಿ (ಬ್ಲಾಸ್ಟ್ ಮಾಡಿಸಿ) ಹೊಸದಾಗಿ ಹಾಕಿಸಿ ಎನ್ನುತ್ತಾರೆ. ಗೆಳೆಯರೊಬ್ಬರು, ಡಬ್ಬಿಯಲ್ಲಿ ಸಿಗುವ ಮಾಮೂಲಿ ಆ್ಯಂಟಿಫೌಲಿಂಗ್, ಅಂದರೆ ಪಾಚಿ ತಡೆಯುವ ಪೇಂಟ್, ಬಳಿದುಬಿಡಿ ಎನ್ನುತ್ತಾರೆ. ಇನ್ನೊಬ್ಬರು, ತಾಮ್ರದ ಪುಡಿ ತಂದು ಎಪಾಕ್ಸಿಯಲ್ಲಿ ಕಲಸಿ ಹಚ್ಚಿ ಎನ್ನುತ್ತಾರೆ. ತಾಮ್ರ ಕಬ್ಬಿಣಕ್ಕೆ ತಾಗಿದರೆ ಕೀಲ್ ತಿಂದುಹೋಗುತ್ತದೆ ಎಂಬ ಭಯವೂ ನನಗಿದೆ. ಎಂಟು ದಿನದಲ್ಲಿ ದೋಣಿ ನೀರಿಗಿಳಿಯಬೇಕು. ಏನು ಮಾಡಲಿ?

ಉತ್ತರ: ನೀವು ಹೇಳಿದಷ್ಟೇ ಹಾನಿಯಾಗಿದ್ದರೆ ಇಡೀ ತಳ ಕೆರೆಯುವ ಅಗತ್ಯವಿಲ್ಲ. ತಾಮ್ರ-ಎಪಾಕ್ಸಿ ಲೇಪನಕ್ಕೆ ತೇಪೆ ಹಾಕಬಹುದು, ಸರಿಯಾಗಿ ಹಾಕಿದ ತೇಪೆ ಸುತ್ತಲಿನ ಹಳೆಯ ಲೇಪನದಷ್ಟೇ ಬಾಳುತ್ತದೆ. ಆದರೆ ನಿಮ್ಮ ನಾಲ್ಕು ಜಾಗಗಳು ನಾಲ್ಕು ಬೇರೆ ಬೇರೆ ಕಾರಣಕ್ಕೆ ಹಾಳಾಗಿರುವಂತೆ ಕಾಣುತ್ತಿದೆ. ಕಾರಣ ಗೊತ್ತಾಗುವ ಮೊದಲೇ ಬ್ರಷ್ ಹಿಡಿದರೆ ಮುಂದಿನ ವರ್ಷ ಅದೇ ಜಾಗ ಮತ್ತೆ ಬಿಚ್ಚಿಕೊಂಡಿರುತ್ತದೆ. ನನ್ನ ಕೆಲಸದಲ್ಲಿ ನಾನು ಕಂಡ ಸೋತ ತೇಪೆಗಳಲ್ಲಿ ಬಹುಪಾಲು ಸೋತದ್ದು ಹೀಗೆಯೇ.

ಮೊದಲು ಅದು ನಿಜಕ್ಕೂ ತಾಮ್ರ-ಎಪಾಕ್ಸಿಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹಿಂದಿನ ಮಾಲೀಕರ ಮಾತನ್ನು ಅನುಮಾನಿಸಬೇಕೆಂದಲ್ಲ, ಮಾರಾಟದ ಹೊತ್ತಿನಲ್ಲಿ ಇಂಥ ವಿವರಗಳು ಬಾಯಿಂದ ಬಾಯಿಗೆ ಬದಲಾಗಿರುತ್ತವೆ. ಒದ್ದೆ ಬಟ್ಟೆಯಿಂದ ಜೋರಾಗಿ ಉಜ್ಜಿ ನೋಡಿ. ಬಟ್ಟೆಗೆ ಕೆಂಪು, ನೀಲಿ ಅಥವಾ ಕಪ್ಪು ಬಣ್ಣ ಧಾರಾಳವಾಗಿ ಬಂದರೆ ಅದು ನೀರಿನಲ್ಲಿ ತಾನೇ ಸವೆಯುತ್ತ ಹೋಗುವ ಮೃದು ಪೇಂಟ್. ಅದರಲ್ಲಿರುವುದು ಲೋಹದ ತಾಮ್ರವಲ್ಲ, ಕ್ಯೂಪ್ರಸ್ ಆಕ್ಸೈಡ್. ಏನೂ ಬಾರದಿದ್ದರೆ ಚಾಕುವಿನ ಮೂಲೆಯಿಂದ ಒಂದು ಸಣ್ಣ ಗೀರು ಹಾಕಿ. ಗೀರಿನೊಳಗೆ ಹೊಸ ತಾಮ್ರದ ತಂತಿಯ ಹೊಳಪು ಕಂಡರೆ ನಿಮ್ಮದು ತಾಮ್ರ-ಎಪಾಕ್ಸಿ. ಮುಂದಿನ ಮಾತೆಲ್ಲ ಈ ಎರಡನೆಯದನ್ನು ಕುರಿತದ್ದು. ಮೃದು ಪೇಂಟ್ ಆಗಿದ್ದರೆ ನಿಮ್ಮ ಕೆಲಸ ಹಗುರ: ತೊಳೆದು, ಒದ್ದೆಯಾಗಿಯೇ ಎಮರಿ ಹಿಡಿದು, ಬರಿದಾದ ಕಡೆ ಪ್ರೈಮರ್ ಕೊಟ್ಟು, ಅದೇ ಜಾತಿಯ ಪೇಂಟನ್ನು ಎರಡು ಕೋಟ್ ಹಾಕಿದರೆ ಆಯಿತು. ಗಟ್ಟಿ ಪೇಂಟಿನ ಮೇಲೆ ಮೃದು ಪೇಂಟ್ ನಿಲ್ಲುತ್ತದೆ, ಮೃದುವಿನ ಮೇಲೆ ಗಟ್ಟಿಯದು ನಿಲ್ಲುವುದಿಲ್ಲ ಎಂಬುದೊಂದು ನೆನಪಿರಲಿ.

ಈಗ ಚುಕ್ಕಾಣಿಯ ಹಸಿರು. ಬಹಳ ಜನ ಇದನ್ನು ಕಂಡು ಲೇಪನದ ಆಯುಷ್ಯ ಮುಗಿಯಿತು ಎಂದುಕೊಳ್ಳುತ್ತಾರೆ. ಅದು ಬರಿಯ ಕಿಲುಬು. ತಾಮ್ರ ನೀರು ಗಾಳಿಗೆ ಒಡ್ಡಿಕೊಂಡಾಗ ಮೇಲೆ ಕಟ್ಟುವ ಲವಣದ ಪದರ. ತಾಮ್ರ ಕೆಲಸ ಮಾಡುವುದೇ ಹೀಗೆ ಕರಗಿ. ಮೇಲ್ಮೈಯ ಲೋಹ ಉಪ್ಪುನೀರಿನಲ್ಲಿ ನಿಧಾನವಾಗಿ ಲವಣವಾಗಿ ಬದಲಾಗಿ ಹೊರಬೀಳುತ್ತಿರಬೇಕು. ಆಗ ಮಾತ್ರ ಪಾಚಿಯ ಬೀಜಾಣುಗಳಿಗೂ ಚಿಪ್ಪುಜೀವಿಗಳ ಮರಿಗಳಿಗೂ ಅಲ್ಲಿ ನೆಲೆ ಸಿಗುವುದಿಲ್ಲ. ಇದನ್ನು ಚೆನ್ನಾಗಿ ತೋರಿಸಿಕೊಟ್ಟ ಹಳೆಯ ಪ್ರಸಂಗವೊಂದಿದೆ. 1824ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊಡೆದಿದ್ದ ತಾಮ್ರದ ತಗಡು ಬೇಗ ಸವೆಯುತ್ತಿದೆ ಎಂದು ವಿಜ್ಞಾನಿ ಹಂಫ್ರಿ ಡೇವಿ ತಗಡಿಗೆ ಕಬ್ಬಿಣ ಮತ್ತು ಸತುವಿನ ತುಂಡುಗಳನ್ನು ಜೋಡಿಸಿ ನೋಡಿದರು. ತಾಮ್ರ ಸವೆಯುವುದು ನಿಂತಿತು. ಅದರ ಜೊತೆಗೇ ತಗಡಿನ ಮೇಲೆ ಪಾಚಿ, ಚಿಪ್ಪು ಬೆಳೆಯತೊಡಗಿ ಆ ಉಪಾಯವನ್ನೇ ಕೈಬಿಡಬೇಕಾಯಿತು. ಕರಗದ ತಾಮ್ರ ಕಾಯದ ತಾಮ್ರ. ಆದ್ದರಿಂದ ಏಳು ವರ್ಷದಲ್ಲಿ ಲೇಪನ ಒಂದಿಷ್ಟು ತೆಳ್ಳಗಾಗಿದ್ದರೆ ಅದು ದೋಷವಲ್ಲ, ದುಡಿದದ್ದರ ಗುರುತು. ಕಿಲುಬು ದಪ್ಪವಾಗಿ ಕಟ್ಟಿದರೆ ಮಾತ್ರ ಒಳಗಿನ ತಾಮ್ರ ಹೊರಬರುವುದು ನಿಧಾನವಾಗುತ್ತದೆ. 320 ಅಥವಾ 400 ನಂಬರಿನ ವಾಟರ್ ಪೇಪರನ್ನು ಒದ್ದೆಯಾಗಿ, ಕೈಯಲ್ಲೇ, ಹಗುರವಾಗಿ ಆಡಿಸಿ. ತಾಮ್ರದ ಬಣ್ಣ ಕಂಡ ಕೂಡಲೇ ನಿಲ್ಲಿಸಿ. ಇದಕ್ಕೆ ಮೆಷಿನ್ ಬೇಡ. ಮೆಷಿನ್ನಿನ ಒಂದು ನಿಮಿಷದ ಹಟ ಹಲವು ವರ್ಷದ ಲೇಪನವನ್ನು ತಿಂದುಬಿಡುತ್ತದೆ. ಉಜ್ಜುವಾಗ ಎಲ್ಲಾದರೂ ಕೆಳಗಿನ ಪ್ರೈಮರ್ ಬಣ್ಣ ಇಣುಕಿದರೆ ಅಷ್ಟಕ್ಕೆ ತೇಪೆ ಬೇಕು, ಉಳಿದದ್ದಕ್ಕೆ ಬೇಡ.

ಎಡಮಗ್ಗುಲಿನ ಚಕ್ಕೆಯೇ ಇಡೀ ತಳದ ಭವಿಷ್ಯ ಹೇಳಬಲ್ಲ ಸಾಕ್ಷಿ. ಉದುರಿದ ಚೂರೊಂದು ಸಿಕ್ಕರೆ ಬಿಸಾಡಬೇಡಿ. ಅಂಚಿನಿಂದ ಇನ್ನೊಂದು ಚೂರನ್ನು ಎಬ್ಬಿಸಿಯಾದರೂ ಬೆನ್ನು ಮೇಲೆ ಮಾಡಿ ಬೆಳಕಿಗೆ ಹಿಡಿಯಿರಿ. ಬೆನ್ನು ಗಾಜಿನಂತೆ ನುಣುಪಾಗಿ ಹೊಳೆಯುತ್ತಿದ್ದರೆ, ಲೇಪನ ಹಾಕುವಾಗ ಆ ಜಾಗದ ಜೆಲ್‌ಕೋಟಿಗೆ ಎಮರಿ ತಾಗಿಯೇ ಇಲ್ಲ ಎಂದರ್ಥ. ಜೆಲ್‌ಕೋಟಿನ ಹೊಳಪೇ ಅಚ್ಚಾಗಿ ಚಕ್ಕೆಯ ಬೆನ್ನಿಗೆ ಇಳಿದಿದೆ, ಅಂಟು ಹಿಡಿದದ್ದು ಬರೀ ಹೆಸರಿಗೆ. ಬೆನ್ನಿನಲ್ಲಿ ಗೀರುಗಳ ಅಚ್ಚು ಕಂಡರೆ ಉಜ್ಜುವ ಕೆಲಸ ಆಗಿತ್ತು, ಆದರೆ ಮೇಣವೋ ಎಣ್ಣೆಯೋ ಉಳಿದಿತ್ತು. ಚಕ್ಕೆಯ ಎರಡೂ ಮಗ್ಗುಲಲ್ಲಿ ತಾಮ್ರವಿದ್ದರೆ ಲೇಪನ ನಡುವಿನಿಂದಲೇ ಸೀಳಿದೆ. ಒಂದು ಕೋಟ್ ಒಣಗಿ ತಡವಾದ ಮೇಲೆ, ಅಥವಾ ಅದರ ಮೇಲೆ ಇಬ್ಬನಿ ಬಿದ್ದ ಮೇಲೆ ಇನ್ನೊಂದು ಕೋಟ್ ಹಾಕಿದರೆ ಹೀಗಾಗುತ್ತದೆ. ಚಕ್ಕೆಯ ಕೆಳಗೆ ಗುಳ್ಳೆ ಇದ್ದು, ಚುಚ್ಚಿದಾಗ ವಿನೆಗರ್ ವಾಸನೆಯ ನೀರು ಬಂದರೆ ಅದು ಲೇಪನದ ತೊಂದರೆಯೇ ಅಲ್ಲ, ಫೈಬರ್‌ಗ್ಲಾಸಿನೊಳಗೆ ನೀರು ಸೇರಿ ಆಗುವ ಆಸ್ಮೋಸಿಸ್. ಆಗ ತೇಪೆಯ ಮಾತು ಬಿಟ್ಟು ತಳದ ತಪಾಸಣೆ ಮಾಡಿಸಬೇಕು.

ಇನ್ನೊಂದು ಪರೀಕ್ಷೆ: ಬರಿದಾದ ಜಾಗದಿಂದ ಒಂದು ಗೇಣು ಆಚೆ, ಗಟ್ಟಿಯಾಗಿ ಕಾಣುವ ಲೇಪನದ ಮೇಲೆ ಬ್ಲೇಡಿನಿಂದ ಗುಣಾಕಾರದ ಗುರುತಿನಂತೆ ಎರಡು ಗೀರು ಹಾಕಿ, ಬಲವಾದ ಟೇಪ್ ಅಂಟಿಸಿ, ಒತ್ತಿ, ಫಟ್ಟನೆ ಕೀಳಿ. ಹೀಗೇ ತಳದ ಬೇರೆ ಬೇರೆ ಕಡೆ ಮಾಡಿ ನೋಡಿ. ಗೀರಿನ ಅಂಚು ಹಾಗೇ ಉಳಿದರೆ ಸುತ್ತಲಿನ ಲೇಪನ ನಂಬಿಕೆಗೆ ಅರ್ಹ. ಹೋದಲ್ಲೆಲ್ಲ ಟೇಪಿನ ಜೊತೆ ಲೇಪನವೂ ಎದ್ದು ಬಂದರೆ ಬೋಟ್‌ಯಾರ್ಡಿನವರು ಹೇಳಿದ್ದೇ ಸರಿ ಎಂದು ನಾನೂ ಹೇಳುತ್ತೇನೆ. ಕೆಟ್ಟ ಅಡಿಪಾಯದ ಮೇಲೆ ಒಳ್ಳೆಯ ತೇಪೆ ಹಾಕುತ್ತ ಕೂತರೆ ದುಡ್ಡೂ ಹೋಗುತ್ತದೆ, ಸೀಸನ್ನೂ ಹೋಗುತ್ತದೆ.

ಫಿಟಿಂಗ್ ಸುತ್ತ ಉಂಗುರದಂತೆ ಉದುರಿದೆ ಎಂದಿರಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಾಲು. ಲೋಹದ ಭಾಗದ ಸುತ್ತ ಮಾತ್ರ ಲೇಪನ ಬಿಟ್ಟಿದ್ದರೆ ಮೊದಲು ವಿದ್ಯುತ್ತಿನ ಮೇಲೆ ಅನುಮಾನ ಪಡಬೇಕು. ದೋಣಿಯಲ್ಲಿ ಸತುವಿನ ಆನೋಡ್ (ಬೇರೆ ಲೋಹಗಳನ್ನು ಉಳಿಸಲು ತಾನು ಕರಗುವ ತುಂಡು) ಅಗತ್ಯಕ್ಕಿಂತ ಹೆಚ್ಚಾದರೆ, ಅದಕ್ಕೆ ತಂತಿಯಿಂದ ಜೋಡಿಸಿದ ಕಂಚಿನ ಫಿಟಿಂಗಿನ ಮೇಲ್ಮೈಯಲ್ಲಿ ಕ್ಷಾರ ಹುಟ್ಟಿ ಲೇಪನದ ಅಂಟನ್ನು ಬಿಡಿಸುತ್ತದೆ. ಬ್ಯಾಟರಿ ವೈರಿಂಗಿನ ಸೋರಿಕೆಯಿಂದ ಕರೆಂಟ್ ಹರಿಯುತ್ತಿದ್ದರೂ ಇಂಥದೇ ಉಂಗುರ ಕಾಣುತ್ತದೆ. ಹೆಚ್ಚುವರಿ ಆನೋಡ್ ಯಾರಾದರೂ ಹಾಕಿಸಿದ್ದಾರೆಯೇ, ಈಗಿನದು ಎಷ್ಟು ಬೇಗ ಕರಗುತ್ತಿದೆ ಎಂದು ನೋಡಿ. ದೋಣಿ ನೀರಿಗಿಳಿದ ಮೇಲೆ ಮೆರೈನ್ ಎಲೆಕ್ಟ್ರಿಷಿಯನ್ ಒಬ್ಬರಿಂದ ರೆಫರೆನ್ಸ್ ಎಲೆಕ್ಟ್ರೋಡ್ ಇಟ್ಟು ಅಳತೆ ಮಾಡಿಸಿ.

ಅದಕ್ಕೂ ಮೊದಲು, ಇವತ್ತೇ, ಆ ಫಿಟಿಂಗನ್ನು ಕೆರೆದು ನೋಡಿ. ಒಳಗೆ ಹಳದಿ ಲೋಹ ಹೊಳೆದರೆ ಸರಿ. ಗುಲಾಬಿ ಛಾಯೆ, ಪುಡಿಪುಡಿಯಾಗುವ ಲೋಹ ಕಂಡರೆ ಅದು ಹಿತ್ತಾಳೆ, ಮತ್ತು ಅದರೊಳಗಿನ ಸತು ಕರಗಿಹೋಗಿದೆ. ಆಕಾರ ಮಾತ್ರ ಉಳಿದಿರುವ ಇಂಥ ಫಿಟಿಂಗ್ ಒಂದು ದಿನ ಕೈಯಲ್ಲಿ ಮುರಿದು ಬರುತ್ತದೆ, ದೋಣಿಗೆ ನೀರು ನುಗ್ಗುತ್ತದೆ. ಹಾಗಿದ್ದರೆ ಪೇಂಟಿನ ಕೆಲಸ ಆಮೇಲಾಗಲಿ. ಫಿಟಿಂಗ್ ಬದಲಾಯಿಸದೆ ನೀರಿಗೆ ಇಳಿಸಬೇಡಿ.

ಕೀಲ್‌ನ ಮುಂದಿನ ಅಂಚು ಸವೆದದ್ದರಲ್ಲಿ ಆಶ್ಚರ್ಯವಿಲ್ಲ. ನೀರಿನ ಹೊಡೆತ, ತೇಲಿಬರುವ ಮರ, ಮರಳಿಗೆ ತಾಗುವುದು, ಎಲ್ಲವೂ ಮೊದಲು ಬೀಳುವುದು ಅಲ್ಲಿಗೇ. ಅಂಚಿನ ಮೇಲೆ ಯಾವ ಲೇಪನವೂ ಸಮತಲದಷ್ಟು ದಪ್ಪ ನಿಲ್ಲುವುದಿಲ್ಲ. ಆದರೆ ಅಲ್ಲಿ ತುಕ್ಕು ಇರುವುದರಿಂದ ನಿಮ್ಮ ಭಯಕ್ಕೆ ಉತ್ತರ ಕೊಡಬೇಕು. ತಾಮ್ರ ಮತ್ತು ಕಬ್ಬಿಣ ನೇರವಾಗಿ ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಕಬ್ಬಿಣ ಕರಗುತ್ತದೆ, ಇದು ಖಂಡಿತ. 1761ರಲ್ಲಿ ತಳಕ್ಕೆ ತಾಮ್ರದ ತಗಡು ಹೊದಿಸಿದ ಬ್ರಿಟಿಷ್ ಹಡಗು ಅಲಾರ್ಮ್‌ನಲ್ಲಿ ಇದನ್ನೇ ಕಂಡರು. ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ತಗಡು ಸುತ್ತಿಬಂದಿದ್ದ ಕಂದು ಕಾಗದ ಮೊಳೆಗೂ ತಗಡಿಗೂ ನಡುವೆ ಉಳಿದುಕೊಂಡಿದ್ದ ಕಡೆ ಮಾತ್ರ ಮೊಳೆಗಳು ಚೆನ್ನಾಗಿದ್ದವು. ಆ ಕಾಗದದ ಕೆಲಸವನ್ನು ಇಂದು ಎಪಾಕ್ಸಿ ಪ್ರೈಮರ್ ಮಾಡುತ್ತದೆ. ತಯಾರಾದ ತಾಮ್ರ-ಎಪಾಕ್ಸಿಯಲ್ಲಿ ಪ್ರತಿ ಕಣವೂ ರಾಳದಲ್ಲಿ ಸುತ್ತಿಕೊಂಡಿರುವುದರಿಂದ ಲೇಪನ ಸಾಮಾನ್ಯವಾಗಿ ವಿದ್ಯುತ್ ಹರಿಸುವುದಿಲ್ಲ. ಮಲ್ಟಿಮೀಟರ್ ಇಟ್ಟು ನೀವೇ ನೋಡಬಹುದು. ಆದರೂ ಬರಿ ಕಬ್ಬಿಣದ ಮೇಲೆ ನೇರವಾಗಿ ಹಚ್ಚುವುದು ತಪ್ಪು. ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ತುಕ್ಕನ್ನು ಬೆಳ್ಳಗಿನ ಲೋಹ ಕಾಣುವವರೆಗೆ ಗ್ರೈಂಡ್ ಮಾಡಿ. ವೈರ್ ಬ್ರಷ್ ತುಕ್ಕನ್ನು ಪಾಲಿಶ್ ಮಾಡುತ್ತದೆಯೇ ಹೊರತು ತೆಗೆಯುವುದಿಲ್ಲ. ಹೊಸ ತುಕ್ಕು ಕೂರುವ ಮೊದಲೇ, ಅಂದರೆ ಅದೇ ಗಂಟೆಯಲ್ಲಿ, ಮೊದಲ ಪ್ರೈಮರ್ ಕೋಟ್ ಬೀಳಬೇಕು. ಅದರ ಮೇಲೆ ತಯಾರಕರು ಹೇಳಿದಷ್ಟು ದಪ್ಪದ ಎಪಾಕ್ಸಿ ಕೋಟುಗಳು, ಆಮೇಲೆ ತಾಮ್ರ.

ಅಲ್ಯೂಮಿನಿಯಂ ವಿಷಯದಲ್ಲಿ ಇಷ್ಟು ಉದಾರವಾಗಿ ನಾನು ಮಾತಾಡಲಾರೆ. ನಿಮ್ಮ ದೋಣಿಗೆ, ಎಂಜಿನ್ನಿನಿಂದ ತಳದ ಮೂಲಕ ಕೆಳಗಿಳಿದು ಪ್ರೊಪೆಲ್ಲರ್ ತಿರುಗಿಸುವ ಸೈಲ್‌ಡ್ರೈವ್ ಇದ್ದರೆ ಅದರ ಅಲ್ಯೂಮಿನಿಯಂ ಕಾಲಿಗೆ ಲೋಹದ ತಾಮ್ರವಾಗಲಿ, ಕ್ಯೂಪ್ರಸ್ ಆಕ್ಸೈಡ್ ಪೇಂಟಾಗಲಿ ತಾಗಲೇಬಾರದು. ಅದರ ಸುತ್ತ ತಳದ ಮೇಲೂ ಎರಡು ಬೆರಳು ಜಾಗ ಬಿಡಿ. ಆನೋಡಿಗೆ ಏನನ್ನೂ ಹಚ್ಚಬೇಡಿ. ಆಳ ಅಳೆಯುವ ಟ್ರಾನ್ಸ್‌ಡ್ಯೂಸರಿಗೆ ಅದಕ್ಕೆಂದೇ ಬರುವ ಪೇಂಟ್ ಇದೆ.

ಇನ್ನು ನಿಮಗೆ ಬಂದ ಮೂರು ಸಲಹೆಗಳು. ಪುಡಿ ತಂದು ಕಲಸಿ ಎಂಬುದನ್ನು ಮರೆತುಬಿಡಿ. ಸಾಧಾರಣ ಎಪಾಕ್ಸಿಗೆ ಒಂದಿಷ್ಟು ತಾಮ್ರ ಬೆರೆಸಿದರೆ ಪುಡಿ ತಳ ಸೇರಿ, ಮೇಲೆ ದಪ್ಪ ರಾಳದ ಪೊರೆ ನಿಲ್ಲುತ್ತದೆ. ತಾಮ್ರದ ಬಣ್ಣವಿರುತ್ತದೆ, ತಾಮ್ರದ ಕೆಲಸವಿರುವುದಿಲ್ಲ. ಅನೇಕ ದೇಶಗಳಲ್ಲಿ ಆ್ಯಂಟಿಫೌಲಿಂಗ್ ಎಂದರೆ ಜೀವನಾಶಕವೆಂದು ನೋಂದಣಿಯಾಗಬೇಕಾದ ಉತ್ಪನ್ನ, ಮನೆಯಲ್ಲಿ ಕಲಸಿದ್ದಕ್ಕೆ ಅಲ್ಲಿ ಅವಕಾಶವೂ ಇಲ್ಲ.

ಮಾಮೂಲಿ ಪೇಂಟ್ ಬಳಿಯುವುದು ಅಷ್ಟು ಕೆಟ್ಟ ಸಲಹೆಯಲ್ಲ. ಮಳೆ ಹಿಡಿದುಕೊಂಡಿದ್ದರೆ, ಎಪಾಕ್ಸಿಗೆ ಬೇಕಾದ ಬಿಸಿಲು ಸಿಗದಿದ್ದರೆ ನಾನೂ ಅದನ್ನೇ ಮಾಡಿಸುತ್ತೇನೆ. ಬರಿ ಜೆಲ್‌ಕೋಟಿಗೆ ಪ್ರೈಮರ್ ಹಾಕಿ, ಮೇಲೆ ಮೃದು ಪೇಂಟ್ ಎರಡು ಕೋಟ್. ಒಂದು ಸೀಸನ್ ದಾಟಿಸುತ್ತದೆ. ಬೆಲೆ ತೆರಬೇಕಾದದ್ದು ಆಮೇಲೆ: ಮುಂದೆ ಅಲ್ಲಿ ತಾಮ್ರ-ಎಪಾಕ್ಸಿ ಹಾಕಬೇಕೆಂದರೆ ಆ ಮೃದು ಪೇಂಟಿನ ಕೊನೆಯ ಚುಕ್ಕೆಯೂ ಹೋಗಬೇಕು, ಅದರ ಮೇಲೆ ಎಪಾಕ್ಸಿ ಕಚ್ಚುವುದಿಲ್ಲ. ಹಾಗಾಗಿ ಮಾಸ್ಕಿಂಗ್ ಟೇಪ್ ಹಾಕಿ ತೇಪೆಯಷ್ಟಕ್ಕೇ ಹಚ್ಚಿ. ಅಂದ ಚೆನ್ನಾಗಿರಲಿ ಎಂದು ಇಡೀ ತಳಕ್ಕೆ ಎಳೆದರೆ ಕೆಳಗಿನ ತಾಮ್ರ-ಎಪಾಕ್ಸಿ ಇದ್ದೂ ಇಲ್ಲದಂತೆ.

ಬ್ಲಾಸ್ಟಿಂಗ್ ಟೇಪ್ ಪರೀಕ್ಷೆಯಲ್ಲಿ ಸೋತ ತಳಕ್ಕೆ ಮಾತ್ರ. ಅದರಲ್ಲಿ ಜೆಲ್‌ಕೋಟಿಗೇ ಪೆಟ್ಟು ಬೀಳುವ ಅಪಾಯವಿದೆ, ಎಂಟು ದಿನದಲ್ಲಿ ಮುಗಿಯುವ ಕೆಲಸವೂ ಅಲ್ಲ.

ತೇಪೆ ಹಾಕುವ ಕ್ರಮ ಹೇಳುತ್ತೇನೆ. ಸಡಿಲವಾದ ಅಂಚನ್ನು ಮೊಂಡು ಸ್ಕ್ರೇಪರಿನಿಂದ ಎಬ್ಬಿಸುತ್ತ ಹೋಗಿ, ಇನ್ನು ಏಳುವುದಿಲ್ಲ ಎನ್ನುವಲ್ಲಿ ನಿಲ್ಲಿಸಿ. ಪೋಸ್ಟ್‌ಕಾರ್ಡಿನಷ್ಟಿದ್ದದ್ದು ತಟ್ಟೆಯಷ್ಟಾದರೂ ಸರಿಯೇ, ಸಡಿಲ ಅಂಚಿಗೆ ಕರುಣೆ ತೋರಿಸಬೇಡಿ. ಆಮೇಲೆ 80 ನಂಬರಿನ ಕಾಗದದಿಂದ ಬರಿ ಜಾಗದ ಹೊಳಪು ಪೂರ್ತಿ ಹೋಗುವಂತೆ ಉಜ್ಜಿ. ಹಳೆಯ ಲೇಪನದ ಅಂಚನ್ನು ಎರಡು ಮೂರು ಬೆರಳಗಲದಲ್ಲಿ ಇಳಿಜಾರಾಗಿ ತೆಳುವು ಮಾಡಿ. ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಮೆಟ್ಟಿಲು ಸಿಗಬಾರದು. ಸಿಕ್ಕರೆ ನೀರಿನ ರಭಸ ಹಿಡಿಯುವುದು ಅದನ್ನೇ. ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತಯಾರಕರು ಹೇಳಿದ ದ್ರಾವಕದಿಂದ ಒರೆಸಿ. ಒರೆಸುವ ಬಟ್ಟೆ ಆಗಾಗ ಬದಲಾಗಲಿ, ಇಲ್ಲದಿದ್ದರೆ ಕೊಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ ಅಷ್ಟೆ.

ತಯಾರಕರ ತಾಮ್ರ-ಎಪಾಕ್ಸಿಯ ಜೊತೆಗೇ ಬರುವ ರಾಳ, ಹಾರ್ಡ್ನರ್, ತಾಮ್ರ ಮೂರನ್ನೂ ತಕ್ಕಡಿಯಲ್ಲಿ ತೂಗಿ ಕಲಸಿ. ಸಣ್ಣ ಪ್ರಮಾಣದಲ್ಲಿ ಕಣ್ಣಂದಾಜು ಮಾಡಿದರೆ ಹಾರ್ಡ್ನರ್ ತಪ್ಪುವುದು ಬಲು ಸುಲಭ, ತಪ್ಪಿದರೆ ಲೇಪನ ಎಂದೂ ಗಟ್ಟಿಯಾಗುವುದಿಲ್ಲ. ಸಾಧ್ಯವಾದರೆ ಮೊದಲಿನ ತಯಾರಕರದೇ ಉತ್ಪನ್ನ ತನ್ನಿ. ತಾಮ್ರ ಭಾರ, ನಿಮಿಷದಲ್ಲಿ ತಳ ಸೇರುತ್ತದೆ. ರೋಲರ್ ಅದ್ದುವಾಗಲೆಲ್ಲ ಕದಡಬೇಕು. ಮೊದಲ ಕೋಟ್ ತೆಳ್ಳಗೆ, ಕೆಳಗಿನದು ಕಾಣುವಂತೆ ಬಿದ್ದರೆ ಗಾಬರಿ ಬೇಡ, ಹಾಗೆಯೇ ಇರಬೇಕು. ಅದು ಬೆರಳಿಗೆ ಅಂಟಂಟು ಎನ್ನುವ ಹದದಲ್ಲಿರುವಾಗಲೇ ಎರಡನೆಯದು, ಹೀಗೆ ಒಂದೇ ದಿನದಲ್ಲಿ ನಾಲ್ಕೈದು ತೆಳು ಕೋಟ್. ಒಟ್ಟು ದಪ್ಪ ಸುಮಾರು ಕಾಲು ಮಿಲಿಮೀಟರ್ ಆಗುತ್ತದೆ. ಒಂದೇ ದಪ್ಪ ಕೋಟಿನಲ್ಲಿ ಮುಗಿಸಹೋದರೆ ಅದು ಜಾರುತ್ತದೆ, ತಾಮ್ರವೂ ಕೆಳಗಿಳಿಯುತ್ತದೆ.

ತೇವವೇ ಈ ಕೆಲಸದ ದೊಡ್ಡ ಶತ್ರು. ತಳದ ಮೇಲ್ಮೈ ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನದೊಳಗೆ ಕೊನೆಯ ಕೋಟ್ ಮುಗಿಸಿ, ಸಂಜೆಗೆ ಸುತ್ತ ಪ್ಲಾಸ್ಟಿಕ್ ಪರದೆ ಕಟ್ಟಿ. ಅರ್ಧ ಒಣಗಿದ ಲೇಪನದ ಮೇಲೆ ಇಬ್ಬನಿ ಕೂತರೆ ಬೆಳಿಗ್ಗೆ ಬೂದಿ ಬಣ್ಣದ ಮಬ್ಬು ಕಾಣುತ್ತದೆ. ಅಂಥ ತೇಪೆಯನ್ನು ಕಿತ್ತು ಮತ್ತೆ ಹಾಕುವುದೇ ಲೇಸು. ಗಟ್ಟಿಯಾದ ಮೇಲೆ 320 ನಂಬರಿನ ವಾಟರ್ ಪೇಪರಿನಿಂದ ಮೇಲಿನ ರಾಳದ ಪೊರೆ ತೆಗೆದು ತಾಮ್ರವನ್ನು ಹೊರಗೆ ತರಬೇಕು. ಇದನ್ನು ಬಿಟ್ಟರೆ ತೇಪೆಯ ಮೇಲೆಯೇ ಮೊದಲು ಪಾಚಿ ಕೂರುತ್ತದೆ, ಜನ ಲೇಪನವನ್ನು ಬೈಯುತ್ತಾರೆ.

ದೂಳಿನ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ಒಣಗಿಸಿ ಉಜ್ಜಬೇಡಿ. ಹಳೆಯ ದೋಣಿಯಾದರೆ ತಾಮ್ರದ ಕೆಳಗೆ ಇನ್ನೂ ಹಳೆಯ ಪೇಂಟಿನ ಪದರಗಳಿರಬಹುದು. ಅದರಲ್ಲಿ ಸೀಸವೋ, ತವರ ಸೇರಿದ ಟಿಬಿಟಿ ಎಂಬ ವಿಷವೋ ಇರುವ ಸಾಧ್ಯತೆಯಿದೆ. 2001ರ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದು ಟಿಬಿಟಿಯನ್ನು ಹಡಗುಗಳಿಂದ ಹೊರಹಾಕಿತು, ಆದರೆ ಅದಕ್ಕೂ ಹಳೆಯ ಪದರಗಳು ಎಷ್ಟೋ ದೋಣಿಗಳ ಮೇಲೆ ಹಾಗೇ ಇವೆ. ಬಟ್ಟೆಯ ಮಾಸ್ಕ್ ಸಾಲದು, ವಿಷದೂಳು ತಡೆಯುವ ಪಿ3 ಫಿಲ್ಟರ್ ಬೇಕು. ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಕೆಳಗೆ ಶೀಟ್ ಹಾಸಿ, ಉಜ್ಜಿದ ಕೆಸರನ್ನೆಲ್ಲ ಒಟ್ಟುಮಾಡಿ ಬೋಟ್‌ಯಾರ್ಡಿನ ಅಪಾಯಕಾರಿ ಕಸಕ್ಕೆ ಕೊಡಿ. ಸಮುದ್ರದ ನೀರಿನಲ್ಲಿ ಜೀವಿಗಳು ದೀರ್ಘಕಾಲ ತಾಳಬಲ್ಲ ಕರಗಿದ ತಾಮ್ರದ ಮಿತಿಯನ್ನು ಅಮೆರಿಕದ ಪರಿಸರ ಸಂಸ್ಥೆ ಇಟ್ಟಿರುವುದು ಲೀಟರಿಗೆ 3.1 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಮೂರು ಪಾಲು. ಒಂದು ಬಕೆಟ್ ಕೆಸರನ್ನು ಚರಂಡಿಗೆ ಸುರಿದರೆ ಏನಾಗುತ್ತದೆ ಎಂದು ಇದರಿಂದಲೇ ತಿಳಿಯಿರಿ.

ನಿಮ್ಮ ಎಂಟು ದಿನವನ್ನು ನಾನಾದರೆ ಹೀಗೆ ಹಂಚುತ್ತೇನೆ. ಮೊದಲ ದಿನ ಫಿಟಿಂಗ್ ಕೆರೆದು ನೋಡುವುದು, ಟೇಪ್ ಪರೀಕ್ಷೆ, ಚಕ್ಕೆಯ ಬೆನ್ನು. ಎರಡನೆಯ ದಿನ ಅಂಚು ಬಿಡಿಸಿ ಉಜ್ಜುವುದು, ಕೀಲ್ ಗ್ರೈಂಡ್ ಮಾಡಿ ಪ್ರೈಮರ್ ಕೊಡುವುದು. ಮೂರನೆಯ ದಿನ, ಅದು ಬಿಸಿಲಿನ ದಿನವಾಗಿದ್ದರೆ, ಕೀಲ್‌ಗೂ ಎಡಮಗ್ಗುಲಿಗೂ ತಾಮ್ರ. ಪ್ರೈಮರಿನ ಮೇಲೆ ಎಷ್ಟು ಗಂಟೆಯೊಳಗೆ ಮುಂದಿನ ಕೋಟ್ ಬೀಳಬೇಕು, ಕೊನೆಯ ಕೋಟಾಗಿ ಎಷ್ಟು ದಿನಕ್ಕೆ ನೀರಿಗಿಳಿಸಬಹುದು ಎಂಬ ಎರಡು ಅಂಕಿಗಳನ್ನು ಡಬ್ಬಿಯ ಜೊತೆಗೆ ಬರುವ ಹಾಳೆಯಲ್ಲೇ ನೋಡಿ, ಆ ವಿಷಯದಲ್ಲಿ ಯಾರ ಬಾಯಿಮಾತನ್ನೂ ನಂಬಬೇಡಿ. ಚುಕ್ಕಾಣಿಗೆ ಹಗುರವಾಗಿ ಪೇಪರ್ ಹಿಡಿದರೆ ಸಾಕು. ದೋಣಿಯ ಆಧಾರದ ಕಂಬಗಳ ಕೆಳಗೂ ಕಿತ್ತ ಜಾಗವಿರಬಹುದು, ನೋಡಬೇಕೆನಿಸಿದರೆ ಯಾರ್ಡಿನವರನ್ನೇ ಕರೆದು ಒಂದೊಂದಾಗಿ ಸರಿಸಿಸಿ, ನೀವು ಕೈ ಹಾಕಬೇಡಿ. ಫಿಟಿಂಗಿನ ಸುತ್ತಲಿನ ಉಂಗುರವನ್ನು ಮಾತ್ರ, ಲೋಹ ಗಟ್ಟಿಯಿದ್ದರೂ, ಈ ಸಲ ಮೃದು ಪೇಂಟಿನಿಂದ ಮುಚ್ಚಿಬಿಡಿ. ಕರೆಂಟಿನ ಅಳತೆ ಆಗುವವರೆಗೆ ಅಲ್ಲಿ ಎಪಾಕ್ಸಿ ಹಾಕಿದರೆ ಅದೂ ಉದುರುತ್ತದೆ.